ಹನ್ನೆರಡನೇ ನಂಬರಿನ ಗೋಡೆ

ಯಾರೋ ನೋಡಲು ಬರುತ್ತಾರೆ ಎಂದರೆ ಸಾಕು, ಆ ಹೋಟೆಲ್ಲಿನವರಿಗೆ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಬರುವವರು ಹೊಸದಾಗಿ ಮದುವೆಯಾದವರೋ, ಮಾಜಿ ಜಡ್ಜೋ, ನೀರಿನ ಬಿಲ್ಲು ಬರೆಯುವವನೋ, ಇವರಿಗೆ ಎಲ್ಲರೂ ಒಂದೇ. ಹಿತ್ತಾಳೆಯ ಹಿಡಿಗಳನ್ನು ಉಜ್ಜಬೇಕು, ಹಾಸಿಗೆಯ ಬಟ್ಟೆ ಬದಲಾಯಿಸಬೇಕು, ಗೋಡೆಯ ಬಿರುಕು ಮುಚ್ಚಬೇಕು. ನೂರಾ ಹತ್ತು ವರ್ಷದ ಕಟ್ಟಡ. ಮೂರು ಮಹಡಿ, ಹದಿನೆಂಟು ರೂಮು, ಹತ್ತುವವರ ತೂಕವನ್ನೆಲ್ಲ ಊರಿಗೆ ಸಾರುವ ಮರದ ಮೆಟ್ಟಿಲು. ಅಷ್ಟು ವಯಸ್ಸಾದ ಮೇಲೆ ಗೋಡೆ ಬಿರಿಯದೆ ಏನು ಮಾಡೀತು? ಬಿರಿಯುತ್ತಿತ್ತು, ಇವರು ಮುಚ್ಚುತ್ತಿದ್ದರು.

ಮುಚ್ಚುವ ವಿದ್ಯೆಯೂ ಮನೆಯದೇ. ಊಟದ ಹಾಲಿನಲ್ಲಿ ದಿನದಿನದ ಮೆನುವನ್ನು ದಪ್ಪ ಕಾರ್ಡಿನ ಮೇಲೆ ಕೈಯಲ್ಲಿ ಬರೆದು, ತಾರೀಖು ಹಾಕಿ, ಮೇಜಿಗೊಂದು ಇಡುವುದು ಮೊದಲಿನಿಂದ ಬಂದ ಪದ್ಧತಿ. ಮಾರನೆಯ ದಿನ ಆ ಕಾರ್ಡುಗಳನ್ನು ಎಸೆಯುವ ಹಾಗಿಲ್ಲ, ತಗಡಿನ ಡಬ್ಬಕ್ಕೆ ಹೋಗಬೇಕು. ಎಲ್ಲಾದರೂ ಗೋಡೆ ಬಾಯಿಬಿಟ್ಟರೆ ಮೊದಲು ಆ ಕಾರ್ಡುಗಳನ್ನು ಮಡಿಚಿ ಒಳಕ್ಕೆ ತುರುಕಬೇಕು, ಮೇಲೆ ನೆನೆಸಿ ಅರೆದ ಕಾಗದವನ್ನು ಮೈದಾ ಅಂಟಿನಲ್ಲಿ ಕಲಸಿ ಮೆತ್ತಬೇಕು, ಒಣಗಿದ ಮೇಲೆ ಬಣ್ಣ ಹೊಡೆಯಬೇಕು. ಮೇಸ್ತ್ರಿಯನ್ನು ಕರೆಸಿದರೆ ಬೀದಿಗೆಲ್ಲ ಗೊತ್ತಾಗುತ್ತದಲ್ಲ! ಇಪ್ಪತ್ತೆರಡು ವರ್ಷದ ಹಿಂದೆ ಸೊಸೆ ಈ ಮನೆಗೆ ಬಂದಾಗ ಅವಳ ದುಂಡು ಅಕ್ಷರ ನೋಡಿ ಅತ್ತೆ ಮೆನು ಬರೆಯುವ ಕೆಲಸವನ್ನು ಅವಳಿಗೆ ಒಪ್ಪಿಸಿದರು. ಅಂಟು ಕಲಸುವ ಕೆಲಸವೂ ಅದರ ಜೊತೆಗೇ ಬಂತು.

ಅತ್ತೆಗೆ ಈಗ ಎಪ್ಪತ್ತೆಂಟು. ಮೆಟ್ಟಿಲ ಬುಡದ ಬೆತ್ತದ ಕುರ್ಚಿಯಲ್ಲಿ ಕೂತೇ ಹೋಟೆಲ್ಲು ನಡೆಸುತ್ತಿದ್ದರು. ಮಗ ಕೌಂಟರಿನಲ್ಲಿ ನಿಲ್ಲುತ್ತಿದ್ದ. ಸೊಸೆ ಅಡುಗೆ, ರೂಮು, ಬಟ್ಟೆಬರೆ ನೋಡಿಕೊಳ್ಳುತ್ತಿದ್ದಳು. ಕಾಲೇಜಿಗೆ ಹೋಗುವ ಮೊಮ್ಮಗಳು ಬಿಡುವಿದ್ದಾಗ ಕಸ ಗುಡಿಸುತ್ತಿದ್ದಳು, ಬಿಡುವಿಲ್ಲದಿದ್ದಾಗ ವಾದ ಮಾಡುತ್ತಿದ್ದಳು.

ರೈಲಿನವರ ಕಾಗದ ಬಂದದ್ದು ಎರಡು ವರ್ಷದ ಹಿಂದೆ. ಬೀದಿಯ ಕೆಳಗೆ ಸುರಂಗ ಕೊರೆಯುತ್ತೇವೆ, ನಿಮ್ಮ ಬಾಗಿಲ ಮುಂದೆಯೇ ಹೊಸ ಸ್ಟೇಷನ್ನು, ಕೆಲಸ ಶುರುವಾಗುವ ಮುಂಚೆ ಕಟ್ಟಡ ಹೇಗಿದೆಯೆಂದು ನಮ್ಮವರು ಬಂದು ಬರೆದುಕೊಳ್ಳುತ್ತಾರೆ ಎಂದಿತ್ತು. ಇನ್ನೊಬ್ಬರಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ ಕೈತೊಳೆದುಕೊಳ್ಳುತ್ತಿದ್ದರು. ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಮಾತು.

"ಬರ್ಕೊಳ್ಳೋಕೆ ಬರ್ತಾರಂತೆ! ಹೋಟ್ಲು ಬೀಳೋ ಹಾಗಿದೆ ಅಂತ ಬರ್ಕೊಂಡು ಹೋಗ್ಬೇಕಾ? ತೆಗೀ ಡಬ್ಬ."

ನಾಲ್ಕು ದಿನ ಗಂಡ ಏಣಿಯ ಮೇಲೆ, ಸೊಸೆ ಅಂಟಿನ ಬೋಗುಣಿಯ ಮುಂದೆ. ಹನ್ನೆರಡನೇ ನಂಬರಿನ ರೂಮಿನ ಹಿಂದಿನ ಗೋಡೆ ಸೂರಿನಿಂದ ನೆಲದವರೆಗೆ ಬಿರಿದಿತ್ತು, ಕಿರುಬೆರಳು ಹೋಗುವಷ್ಟು. ಎಷ್ಟೋ ವರ್ಷದಿಂದ ತುಂಬಿದ್ದೇ ತುಂಬಿದ್ದು. ಅದಕ್ಕೆ ಇನ್ನೊಂದು ಸಲ ಮೆತ್ತಿ, ಬಣ್ಣ ಹೊಡೆದು, ನಂಬಿಕೆ ಸಾಲದೆ ದೊಡ್ಡ ಬೀರುವನ್ನೂ ಅಡ್ಡ ಎಳೆದಿಟ್ಟರು.

ಸರ್ವೆಯವನು ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಬಂದ. ಸೊಸೆಯೇ ರೂಮು ರೂಮು ತೋರಿಸಿದಳು. "ಈ ಬೀರು ಸರಿಸಬಹುದಾ?" ಎಂದು ಅವನು ಕೇಳಿದ.

"ಅಯ್ಯೋ, ಅದನ್ನ ಸರಿಸೋಕೆ ಆರು ಜನ ಬೇಕು ಸರ್. ಹಿಂದೆ ಇನ್ನೇನಿರುತ್ತೆ, ಗೋಡೆ," ಎಂದು ನಕ್ಕಳು.

ಅವನೂ ನಕ್ಕ. ಟೀ ಕುಡಿದ. "ಬಿರುಕುಗಳು: ಇಲ್ಲ" ಎಂದು ಬರೆದ ಹಾಳೆಯನ್ನು ಮುಂದಿಟ್ಟ. ಅತ್ತೆಯ ಕೈ ನಡುಗುತ್ತದೆಂದು ಸೊಸೆ ಸಹಿ ಹಾಕಿದಳು, ಓದದೆಯೇ. "ಇಷ್ಟು ಹಳೇ ಕಟ್ಟಡನ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಅಮ್ಮಾವ್ರೇ," ಎಂದು ಅವನು ಹೋಗುವಾಗ ಹೇಳಿದ್ದನ್ನು ಅತ್ತೆ ಒಂದು ವಾರ ಬಂದವರಿಗೆಲ್ಲ ಹೇಳಿದರು. ಆ ಹೊತ್ತಿಗೆ ಅದು ಮೋಸವಲ್ಲ, ಶುದ್ಧ ಜಂಬ. ಮೋಸವಾದದ್ದು ಆಮೇಲೆ.

*

ಅಗೆತ ಶುರುವಾಯಿತು. ಬೀದಿಗೆ ನೀಲಿ ತಗಡಿನ ಬೇಲಿ ಬಂತು, ಬೇಲಿಗೂ ಹೋಟೆಲ್ಲಿನ ಬಾಗಿಲಿಗೂ ನಡುವೆ ಒಬ್ಬರು ಪೆಟ್ಟಿಗೆ ಹಿಡಿದು ಹೋಗುವಷ್ಟು ಓಣಿ ಉಳಿಯಿತು. ಎದುರಿಗೆ ಇನ್ನೊಬ್ಬರು ಬಂದರೆ ಒಬ್ಬರು ಹಿಂದೆ ಸರಿಯಬೇಕು. ಬೆಳಗ್ಗೆ ಏಳಕ್ಕೆ ಯಂತ್ರಗಳು ಗುಡುಗಲು ಶುರು. ಮೇಜಿನ ಮೇಲಿನ ಗ್ಲಾಸುಗಳು ತಮ್ಮಷ್ಟಕ್ಕೆ ಕಿಣಿಕಿಣಿ ಎನ್ನುತ್ತಿದ್ದವು. ಪ್ರತಿ ವರ್ಷ ಬರುತ್ತಿದ್ದ ವಯಸ್ಸಾದ ದಂಪತಿ ಎರಡನೇ ದಿನವೇ ಪೆಟ್ಟಿಗೆ ಕಟ್ಟಿದರು. "ಮುಗಿದ ಮೇಲೆ ತಿಳಿಸಿ," ಎಂದರು. ಅವರಿಗೆ ಎಂಬತ್ತು ವರ್ಷ, ಕೆಲಸಕ್ಕೆ ಇನ್ನೂ ನಾಲ್ಕು ವರ್ಷ.

ಗಿರಾಕಿ ಇಲ್ಲದಿದ್ದರೂ ಕೆಲಸ ಇದ್ದೇ ಇತ್ತು. ಕಿಟಕಿ ಮುಚ್ಚಿದರೂ ಧೂಳು ಬರುತ್ತಿತ್ತು. ಯಾರೂ ಮಲಗದ ಹಾಸಿಗೆಗಳ ಬಟ್ಟೆಯನ್ನು ಎರಡು ದಿನಕ್ಕೊಮ್ಮೆ ತೆಗೆದು ಒಗೆಯಬೇಕು, ಒಣಹಾಕಿದರೆ ಮತ್ತೆ ಧೂಳು.

"ಹದಿನೆಂಟು ರೂಮಿಗೂ ಯಾಕಜ್ಜಿ? ಆರಕ್ಕೆ ಹಾಕಿದ್ರೆ ಸಾಕಲ್ವಾ? ಅಮ್ಮನ ಕೈ ನೋಡಿದ್ದೀಯಾ, ಸೋಪಲ್ಲಿ ಬೆಂದುಹೋಗಿದೆ," ಎಂದು ಮೊಮ್ಮಗಳು ಜಗಳಕ್ಕೆ ನಿಂತಳು.

"ಹದಿನೇಳನೇ ಗಿರಾಕಿ ಬಂದ್ರೆ ಎಲ್ಲಿ ಮಲಗಿಸ್ತೀಯಾ? ನಿನ್ನ ತಲೆ ಮೇಲಾ?"

"ಒಂದನೇ ಗಿರಾಕಿ ಬರ್ಲಿ ಮೊದಲು."

ಒಂದನೇ ಗಿರಾಕಿ ಬಂದದ್ದು ಬೇಲಿಯ ಆಚೆಯಿಂದಲೇ. ಐವತ್ತನಾಲ್ಕು ವಯಸ್ಸಿನ, ಕಡ್ಡಿಗೆ ದಾರ ಸುತ್ತಿದ ಕನ್ನಡಕದ, ಮೆಲುಮಾತಿನ ಮನುಷ್ಯ. ರೈಲಿನವರ ಕೆಲಸಗಾರರೇ. ಸುರಂಗ ಕೊರೆಯುವಾಗ ಅಕ್ಕಪಕ್ಕದ ಕಟ್ಟಡ ಎಷ್ಟು ನಡುಗುತ್ತದೆಂದು ಅಳೆದು ಬರೆಯುವುದು ಅವರ ಕೆಲಸ. ಮೆಟ್ಟಿಲ ಕೆಳಗೆ ಊಟದ ಡಬ್ಬದಷ್ಟು ದೊಡ್ಡ ಮೀಟರು ಕೂರಿಸಿದರು. ದಿನಾ ಬಂದು ಹೋಗುವುದೇಕೆಂದು ಏಳನೇ ನಂಬರು ಬಾಡಿಗೆಗೆ ಹಿಡಿದರು. ಗಂಡ ಅರ್ಧ ಬಾಡಿಗೆ ಎಂದರೆ, "ಬೋರ್ಡಲ್ಲಿ ಬರೆದಿರೋದೇ ಕೊಡ್ತೀನಿ, ರೂಮು ಅರ್ಧ ಇಲ್ವಲ್ಲ," ಎಂದರು. ಕೆಸರಿನ ಬೂಟನ್ನು ಬಾಗಿಲ ಹೊರಗೆ ತಾವೇ ತಂದ ಪೇಪರಿನ ಮೇಲೆ ಬಿಡುತ್ತಿದ್ದರು. ಸೋರುವ ನಲ್ಲಿ ಕಂಡರೆ ಕೇಳದೆಯೇ ರಿಪೇರಿ ಮಾಡುತ್ತಿದ್ದರು. ಮೊಮ್ಮಗಳು ಅವರಿಗೆ ಮೀಟರ್ ಮಾಮ ಎಂದು ಹೆಸರಿಟ್ಟಳು. ಸೊಸೆಯನ್ನು ಅವರು "ತಂಗಿ" ಎಂದು ಕರೆದರು, ಅವಳೂ "ಅಣ್ಣ" ಎಂದಳು.

ಬೆಳಗ್ಗೆ ಎಂಟಕ್ಕೆ ಸರಿಯಾಗಿ ಮಂಡಿಯೂರಿ ಕೂತು ಮೀಟರಿನ ಅಂಕಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆದದ್ದು ಸರಿಯೆಂದು ಮನೆಯವರೊಬ್ಬರು ಸಹಿ ಹಾಕಬೇಕಿತ್ತು. ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಸಹಿ ಹಾಕಿ ಓಡುತ್ತಿದ್ದಳು.

"ಅಂಕಿ ನೋಡು ತಂಗಿ."

"ನೀವು ಬರೆದ ಮೇಲೆ ಮುಗೀತಲ್ಲಣ್ಣ. ಒಲೆ ಮೇಲೆ ಹಾಲಿದೆ."

*

ಐದು ತಿಂಗಳಾದ ಮೇಲೆ ಗೋಡೆಗಳು ಮಾತಾಡಿದವು. ನಡುಕ ದೊಡ್ಡದೇನಲ್ಲ. ಆದರೆ ಒಳಗಿದ್ದದ್ದು ಇಟ್ಟಿಗೆ ಗಾರೆಯಲ್ಲ, ಒಣಗಿದ ಕಾಗದ. ಮೊದಲು ಒಂಬತ್ತನೇ ನಂಬರಿನಲ್ಲಿ ಒಂದು ಚಕ್ಕೆ ಉದುರಿತು. ಆಮೇಲೆ ಮೆಟ್ಟಿಲ ಪಕ್ಕ. ಒಂದು ಮಧ್ಯಾಹ್ನ ಹನ್ನೆರಡನೇ ನಂಬರಿನ ಬೀರುವಿನ ಹಿಂದೆ ಏನೋ ದೊಪ್ಪೆಂದಿತು. ಗಂಡ ಹೆಂಡತಿ ಸೇರಿ ಬೀರು ಸರಿಸಿದರು. ಆರು ಜನ ಬೇಕಾಗಲಿಲ್ಲ. ಮೆತ್ತಿದ್ದೆಲ್ಲ ಉದುರಿ ಬಿರುಕು ಪೂರ್ತಿ ತೆರೆದು ನಿಂತಿತ್ತು.

ರೈಲಿನವರು ಬಂದು ಫೋಟೋ ತೆಗೆದರು, ಹಳೆಯ ಸರ್ವೆ ಹಾಳೆ ತೆಗೆದು ನೋಡಿದರು. ಬಿರುಕುಗಳು: ಇಲ್ಲ. ಅಂದರೆ ಇದೆಲ್ಲ ನಮ್ಮ ಕೆಲಸದಿಂದಲೇ ಆದದ್ದು ಎಂದು ಅವರೇ ಹೇಳಿದರು. ಇವರು ಬಾಯಿಬಿಟ್ಟು ಕೇಳಬೇಕಾಗಲೇ ಇಲ್ಲ. ಗೋಡೆ ಪೂರ್ತಿ ಕಟ್ಟಿಸಿಕೊಡುತ್ತೇವೆ, ಅಲ್ಲಿಯವರೆಗೆ ನಷ್ಟ ತುಂಬಿಕೊಡುತ್ತೇವೆ ಎಂದು ಕಾಗದ ಬಂತು.

ಆ ದಿನ ಅತ್ತೆ ಮೀನು ತರಿಸಿದರು. ತಿಂಗಳುಗಳ ಮೇಲೆ ಮನೆಯವರು ಊಟದ ಹಾಲಿನ ದೊಡ್ಡ ಮೇಜಿಗೆ ಕೂತರು. ಗಂಡ, "ಹೊಸ ಗೋಡೆ, ಹೊಸ ಬಣ್ಣ. ಸ್ಟೇಷನ್ ಬಂದ್ರೆ ಗಿರಾಕಿ ನೂಕಿಕೊಂಡು ಬರ್ತಾರೆ. ಅಲ್ಲಿವರೆಗೆ ಉಸಿರು ಹಿಡಿದ್ರೆ ಸಾಕು," ಎಂದ. ಇಲ್ಲದಿದ್ದರೆ ವರ್ಷದೊಳಗೆ ಬಾಗಿಲು ಹಾಕಬೇಕಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಆಗ ಮೀಟರ್ ಮಾಮ ಬಂದು ತಮ್ಮ ಮಾಮೂಲು ಕುರ್ಚಿಯಲ್ಲಿ ಕೂತರು. ಸೊಸೆ ಬಡಿಸಿದಳು. ಅವರು ತಟ್ಟೆಗೆ ಕೈ ಹಾಕಲಿಲ್ಲ.

"ತಂಗಿ, ಒಂದು ಮಾತು ಕೇಳ್ಬೇಕಿತ್ತು. ಬೇಜಾರು ಮಾಡ್ಕೋಬೇಡ. ನನ್ನ ಪುಸ್ತಕದ ಪ್ರಕಾರ ಈ ಮನೆ ಅಷ್ಟೊಂದು ನಡುಗಿಲ್ಲ. ಮಿತಿ ಒಂದಿನಾನೂ ದಾಟಿಲ್ಲ. ಇಷ್ಟು ನಡುಕಕ್ಕೆ ಅಂಥಾ ಬಿರುಕು ಬರಲ್ಲ. ಅದು ಮೊದಲೇ ಇತ್ತಾ?"

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಗಂಡ ಉಪ್ಪಿನ ಡಬ್ಬಿಯನ್ನು ನೋಡಿದ. ಸೊಸೆಯ ಕೈಯಲ್ಲಿ ಆಲೂಗಡ್ಡೆಯ ಪಾತ್ರೆ ಇತ್ತು, ಅದು ಬಿಸಿಯಾಗಿತ್ತು, ಕೆಳಗಿಡಲು ತೋಚಲಿಲ್ಲ.

"ಇಲ್ಲಣ್ಣ," ಎಂದಳು. "ಗೋಡೆ ಚೆನ್ನಾಗೇ ಇತ್ತು."

ಅವರು ಒಂದು ಕ್ಷಣ ಅವಳನ್ನು ನೋಡಿದರು. ಅನುಮಾನದಿಂದಲ್ಲ. ಅನುಮಾನದಿಂದ ನೋಡಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸೊಸೆಗೆ ಆಮೇಲೆ ಅನ್ನಿಸಿತು.

"ಹಾಗಾದ್ರೆ ನಾನೇ ಎಲ್ಲೋ ತಪ್ಪಿದ್ದೀನಿ," ಎಂದು ತಟ್ಟೆಯನ್ನು ಹತ್ತಿರ ಎಳೆದುಕೊಂಡು ಊಟ ಮಾಡಿದರು. ಸೊಸೆ ಅವರಿಗೆ ಇನ್ನೊಂದು ತುಂಡು ಮೀನು ಹಾಕಿದಳು, ಅವರು ಬೇಡವೆನ್ನುವ ಮುಂಚೆಯೇ.

*

ತಾನು ಆಡಿದ ಸುಳ್ಳು ಯಾರ ಕುತ್ತಿಗೆಗೆ ಬರುತ್ತದೆ ಎಂದು ಸೊಸೆ ಯೋಚಿಸಿರಲಿಲ್ಲ. ರೈಲು ಎಂದರೆ ಅವಳಿಗೆ ನೀಲಿ ತಗಡು, ಧೂಳು, ಗುಡುಗು. ಅದಕ್ಕೆ ಕೊಟ್ಟರೆ ಏನು, ಕಿತ್ತುಕೊಂಡರೆ ಏನು. ಆದರೆ ರೈಲಿನವರಿಗೂ ಒಂದು ಲೆಕ್ಕವಿತ್ತು: ಗೋಡೆ ಬಿರಿದದ್ದು ನಡುಕದಿಂದ, ಪುಸ್ತಕದಲ್ಲಿ ನಡುಕವಿಲ್ಲ, ಹಾಗಾದರೆ ಪುಸ್ತಕ ಸುಳ್ಳು. ಪುಸ್ತಕ ಬರೆದವರು ಒಬ್ಬರೇ. ವಾರದೊಳಗೆ ಮೀಟರ್ ಮಾಮನನ್ನು ಕೆಲಸದಿಂದ ಬದಿಗೆ ನಿಲ್ಲಿಸಿದರು, ವಿಚಾರಣೆ ಮುಗಿಯುವವರೆಗೆ.

ಅವರು ಎಲ್ಲೂ ಹೋಗಲಿಲ್ಲ. ಬೆಳಗ್ಗೆ ಎಂಟಕ್ಕೆ ಅಭ್ಯಾಸಬಲದಿಂದ ಇಳಿದು ಬಂದು ಮೀಟರಿನ ಮುಂದೆ ಕೂರುತ್ತಿದ್ದರು. ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ನೀರು ಅಲುಗುವುದನ್ನೂ ಅಂಕಿಯನ್ನೂ ಹೋಲಿಸುತ್ತಿದ್ದರು. ಒಂದು ದಿನ ಮೊಮ್ಮಗಳನ್ನು ಕರೆದು, "ಇಲ್ಲಿ ಎಷ್ಟಿದೆ ಓದು ಪುಟ್ಟಿ. ಎಂಟಾ, ಮೂರಾ?" ಎಂದರು.

"ಮೂರು ಮಾಮ."

"ನನಗೂ ಮೂರೇ ಕಾಣುತ್ತೆ. ಆದ್ರೂ ಕಣ್ಣು ನಂಬೋ ಹಾಗಿಲ್ಲ. ಇಪ್ಪತ್ತಾರು ವರ್ಷ ಅಂಕಿ ಓದಿದ ಕಣ್ಣು."

ಆ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದರು. ಚೌಕಟ್ಟು ದಪ್ಪ, ಮುಖಕ್ಕೆ ಒಪ್ಪುತ್ತಿರಲಿಲ್ಲ. ಟೀ ಕೊಡಲು ಹೋದ ಸೊಸೆಗೆ, "ಹೇಗಿದೆ ತಂಗಿ?" ಎಂದು ತೋರಿಸಿದರು.

"ಚೆನ್ನಾಗಿದೆ ಅಣ್ಣ," ಎಂದಳು. ಅಡುಗೆಮನೆಗೆ ಬಂದು ನಲ್ಲಿ ಬಿಟ್ಟು, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದಳು.

ಅದೇ ಶನಿವಾರ ಅವಳ ಮಗಳು ಹನ್ನೆರಡನೇ ನಂಬರು ಗುಡಿಸಲು ಹೋದವಳು ಮೊರದ ಬದಲು ಮುಷ್ಟಿ ಹಿಡಿದುಕೊಂಡು ಬಂದಳು. ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು, ಸೂಪು. ಮೀಟರ್ ಮಾಮ ಆಫೀಸಿಗೆ ಹೋಗಿದ್ದರು. ಮಗಳು ಮುಷ್ಟಿ ಬಿಚ್ಚಿ ಬ್ರೆಡ್ಡಿನ ತಟ್ಟೆಯ ಪಕ್ಕ ಮಡಿಚಿದ ಕಾರ್ಡೊಂದನ್ನು ಇಟ್ಟಳು. ಹಳದಿ ತಿರುಗಿತ್ತು, ಒಂದು ಮೂಲೆಗೆ ಐದು ಬಣ್ಣದ ಪದರ ಅಂಟಿತ್ತು. ಅಕ್ಷರ ಮಾತ್ರ ನಿನ್ನೆ ಬರೆದ ಹಾಗಿತ್ತು.

"ಅಮ್ಮ, ಇದು ನಿನ್ನ ಅಕ್ಷರ ಅಲ್ವಾ? ತಾರೀಖು ನೋಡು. ಇಪ್ಪತ್ತೊಂದು ವರ್ಷದ ಹಿಂದಿನದು. ಆ ಗೋಡೆ ನಾನು ಹುಟ್ಟೋ ಮುಂಚೆನೇ ಬಿರಿದಿತ್ತು."

"ಒಲೆಗೆ ಹಾಕು," ಎಂದರು ಅತ್ತೆ.

"ಯಾಕಜ್ಜಿ?"

"ಹಾಕು ಅಂದ್ರೆ ಹಾಕು. ಪ್ರಶ್ನೆ ಕೇಳೋಕೆ ಇದು ಕಾಲೇಜಲ್ಲ."

"ಅಲ್ಲಿ ಒಬ್ಬರು ಹೊಸ ಕನ್ನಡಕ ಹಾಕ್ಕೊಂಡು ತಾವೇ ಸುಳ್ಳು ಅಂತ ನಂಬ್ಕೊಂಡು ಕೂತಿದ್ದಾರೆ. ನೀವೆಲ್ಲ ಅವರಿಗೆ ಮೀನು ಬಡಿಸ್ತೀರಿ! ಅಪ್ಪ, ನೀನಾದ್ರೂ ಬಾಯಿಬಿಡು."

ಗಂಡ ಸೂಪಿನಲ್ಲಿ ಬ್ರೆಡ್ಡು ಅದ್ದಿದ. ಅದು ಮೆತ್ತಗಾಗಿ ಬಟ್ಟಲಿಗೆ ಬಿತ್ತು. "ಅವರಿಗೆ ಬೇರೆ ಕಡೆ ಕೆಲಸ ಸಿಗುತ್ತೆ," ಎಂದ.

"ಸುಳ್ಳು ಅಂಕಿ ಬರೀತಾನೆ ಅಂತ ಹೆಸರು ಬಂದೋರಿಗೆ ಯಾರು ಕೊಡ್ತಾರಪ್ಪ?"

"ನಮಗ್ಯಾರು ಕೊಡ್ತಾರೆ?" ಅತ್ತೆ ಮೇಜು ಕುಟ್ಟಿದರು. "ಈ ಹೋಟ್ಲು ಮುಚ್ಚಿದ್ರೆ ನಿನ್ನಪ್ಪ ಎಲ್ಲಿ ನಿಲ್ತಾನೆ? ಯಾರ ಕೌಂಟರಲ್ಲಿ? ನಾನು ಯಾರ ಮನೆ ಮೆಟ್ಟಿಲ ಹತ್ರ ಕೂರ್ಲಿ? ಬೀದಿ ಅಗೆದೋರು ಅವರು. ಗಿರಾಕಿ ಓಡಿಸಿದೋರು ಅವರು. ಕೊಟ್ರೆ ಕೊಡ್ಲಿ, ಅವರಪ್ಪಂದೇನು ಗಂಟು ಹೋಗುತ್ತೆ?"

ಅದರಲ್ಲಿ ನಿಜವೂ ಇತ್ತು, ಅದಕ್ಕೇ ಮಗಳು ಅತ್ತುಬಿಟ್ಟಳು. ಅತ್ತುಕೊಂಡೇ ತಾಯಿಯ ಕಡೆ ತಿರುಗಿ, "ನೀನು ಹೇಳಮ್ಮ. ಅವರು ಕೇಳಿದ್ದು ನಿನ್ನನ್ನ," ಎಂದಳು.

ಸೊಸೆ ಕಾರ್ಡನ್ನು ಎತ್ತಿಕೊಂಡು ಒಲೆಯವರೆಗೆ ಹೋದಳು. ಮದುವೆಯಾದ ಮರುವರ್ಷ ಬರೆದದ್ದು. ತರಕಾರಿ ಸೂಪು, ಹುರಿದ ಮೀನು, ಬೇಯಿಸಿದ ಸೇಬು. ಆಗ ಒಂದೊಂದು ಅಕ್ಷರಕ್ಕೂ ಅತ್ತೆ ಏನೆನ್ನುತ್ತಾರೋ ಎಂದು ಹೆದರಿ ಬರೆಯುತ್ತಿದ್ದಳು. ಒಲೆಗೆ ಹಾಕಲಿಲ್ಲ. ಬಟ್ಟೆಯ ಕಪಾಟಿನಲ್ಲಿ, ದಿಂಬಿನ ಚೀಲಗಳ ಕೆಳಗೆ ಇಟ್ಟಳು. "ಹಾಕಿದ್ಯಾ?" ಎಂದು ಅತ್ತೆ ಕೂಗಿದರು. "ಹ್ಞೂಂ," ಎಂದಳು. ಅಲ್ಲಿಗೆ ಊಟದ ಹೊತ್ತಿನಲ್ಲೇ ಎರಡು ಸುಳ್ಳಾಯಿತು.

ಅವತ್ತಿನಿಂದ ಮಗಳು ಅವಳ ಜೊತೆ ಮಾತು ಬಿಟ್ಟಳು. ತಾನೇ ಹೋಗಿ ಹೇಳಿಬಿಡುತ್ತೇನೆಂದು ಹೆದರಿಸಲೂ ಇಲ್ಲ. ತಟ್ಟೆ ತೊಳೆದಿಟ್ಟು, ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಆ ಮೆಟ್ಟಿಲ ಸದ್ದು ಕೇಳಿದಾಗಲೆಲ್ಲ ಸೊಸೆ ತಲೆ ತಗ್ಗಿಸುತ್ತಿದ್ದಳು, ಅಡುಗೆಮನೆಯಲ್ಲಿ ಯಾರೂ ಇಲ್ಲದಿದ್ದರೂ.

*

ಕಾಗದಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ರೈಲಿನ ಕಡೆಯ ಆಫೀಸರಮ್ಮ ಬುಧವಾರ ಹನ್ನೊಂದಕ್ಕೆ ಬರುತ್ತಾರೆಂದು ಫೋನು ಬಂತು. ಯಾರೋ ಬರುತ್ತಾರಲ್ಲ, ಹಿತ್ತಾಳೆ ಉಜ್ಜಿದರು, ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಬಿರುಕು ಮಾತ್ರ ಮುಚ್ಚಲಿಲ್ಲ. ಅತ್ತೆ ಒಳ್ಳೆಯ ಸೀರೆ ಉಟ್ಟು ಊಟದ ಹಾಲಿನಲ್ಲಿ ಕೂತರು.

ಆಫೀಸರಮ್ಮನಿಗೆ ಮೂವತ್ತೈದಿರಬಹುದು. ಚುರುಕು, ಆದರೆ ದರ್ಪವಿಲ್ಲ. ಮೀಟರ್ ಮಾಮನನ್ನೂ ಮೇಲಿನಿಂದ ಕರೆಸಿದರು. ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಹೊಸ ಕನ್ನಡಕದಲ್ಲಿ ಬಂದು ಕುರ್ಚಿಯ ತುದಿಗೆ ಕೂತರು.

"ನಾವು ಇವರಿಗೆ ಪರಿಹಾರ ಕೊಡಬೇಕು ಅಂದ್ರೆ ಪುಸ್ತಕದ ಅಂಕಿ ತಪ್ಪು ಅಂತ ಆಗ್ಬೇಕು," ಎಂದರು ಆಫೀಸರಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ, "ಪುಸ್ತಕಕ್ಕೆ ದಿನಾ ಸಹಿ ಹಾಕಿರೋದು ನೀವು. ಸರ್ವೆಗೆ ಸಹಿ ಹಾಕಿರೋದೂ ನೀವು. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ. ಅಂಕಿ ನೋಡಿ ಸಹಿ ಹಾಕ್ತಿದ್ರಾ?" ಎಂದು ಕೇಳಿದರು.

"ಇಲ್ಲ," ಎಂದಳು.

"ಅದೇ ಅಂದ್ಕೊಂಡೆ." ಆಫೀಸರಮ್ಮ ಒಂದು ಹಾಳೆಯನ್ನು ಮೀಟರ್ ಮಾಮನ ಮುಂದೆ ಸರಿಸಿದರು. "ಅಳತೆ ತಪ್ಪಾಗಿದೆ ಅಂತ ನೀವು ಒಪ್ಕೊಂಡ್ರೆ ಇಲ್ಲಿಗೆ ಮುಗಿಯುತ್ತೆ. ಕೆಲಸ ಉಳಿಯಲ್ಲ. ಪೊಲೀಸು ಗಿಲೀಸು ಅಂತ ಇರಲ್ಲ."

ಮೀಟರ್ ಮಾಮ ಹಾಳೆಯನ್ನು ಪೂರ್ತಿ ಓದಿದರು. "ಇಪ್ಪತ್ತಾರು ವರ್ಷದಲ್ಲಿ ಒಂದು ಅಂಕಿನೂ ಬೇಕಂತ ತಪ್ಪು ಬರೆದಿಲ್ಲ ಮೇಡಂ. ಆದ್ರೆ ಈ ಮನೆಯೋರು ಸುಳ್ಳು ಹೇಳೋ ಜನ ಅಲ್ಲ. ನನ್ನ ಕಣ್ಣೇ ತಪ್ಪಿರ್ಬೇಕು," ಎಂದು ಜೇಬಿನಿಂದ ಪೆನ್ನು ತೆಗೆದರು.

ಸೊಸೆ ಟೀ ತಟ್ಟೆ ಹಿಡಿದು ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಅದನ್ನು ಬಿಳಿ ಬಟ್ಟೆಯ ಮೇಲೆ ಕುಕ್ಕಿದಳು, ಟೀ ಚೆಲ್ಲಿತು. ಬಟ್ಟೆಯ ಕಪಾಟಿನ ಕಡೆ ಹೋದಳು. ದಿಂಬಿನ ಚೀಲಗಳು ನೆಲಕ್ಕೆ ಬಿದ್ದದ್ದು ಹಾಲಿನಲ್ಲಿದ್ದವರಿಗೆ ಕೇಳಿಸಲಿಲ್ಲ. ವಾಪಸ್ಸು ಬಂದಾಗ ಪೆನ್ನು ಹಾಳೆಯ ಮೇಲಿತ್ತು.

"ಅಣ್ಣ, ಹಾಕ್ಬೇಡಿ."

"ಏಯ್," ಎಂದರು ಅತ್ತೆ. "ಒಳಗೆ ಹೋಗು."

ಸೊಸೆ ಹೋಗಲಿಲ್ಲ. ಕಾರ್ಡು ಬಿಚ್ಚಿದಳು. ಬರೆದದ್ದನ್ನೇ ಓದಿದಳು. "ತರಕಾರಿ ಸೂಪು. ಹುರಿದ ಮೀನು. ಬೇಯಿಸಿದ ಸೇಬು." ಆಮೇಲೆ ತಾರೀಖು ಓದಿದಳು, ತಿಂಗಳು, ವರ್ಷ. "ಇದು ಹನ್ನೆರಡನೇ ನಂಬರಿನ ಬಿರುಕೊಳಗೆ ಇತ್ತು. ನಾನೇ ತುರುಕಿದ್ದು. ಎಲ್ಲಾ ಬಿರುಕೂ ಹಳೇವೇ ಮೇಡಂ. ಸರ್ವೆಗೆ ಬರ್ತಾರೆ ಅಂತ ಮುಚ್ಚಿ ಬಣ್ಣ ಹೊಡೆದ್ವಿ. ಬೀರು ಅಡ್ಡ ಇಟ್ವಿ. ಸರಿಸೋಕಾಗಲ್ಲ ಅಂತ ನಾನೇ ಹೇಳಿದ್ದು. ಇವರು ಊಟಕ್ಕೆ ಕೂತು ಬಾಯಿಬಿಟ್ಟು ಕೇಳಿದ್ರು. ಆಗ್ಲೂ ನಾನು ಇಲ್ಲ ಅಂದೆ."

ಆಫೀಸರಮ್ಮ ಕಾರ್ಡು ತೆಗೆದುಕೊಂಡು ಸರ್ವೆ ಹಾಳೆಯ ಸಹಿಯ ಪಕ್ಕ ಹಿಡಿದು ನೋಡಿದರು. ಅದೇ ದುಂಡು ಅಕ್ಷರ. "ಇದನ್ನ ಹೇಳಿದ್ರೆ ನಿಮಗೆ ಈ ಗೋಡೆಗೆ ಒಂದು ಕಾಸೂ ಸಿಗಲ್ಲ. ಗೊತ್ತಲ್ವಾ?"

"ಗೊತ್ತು."

"ಬಣ್ಣ ಹೊಡೆದಿದ್ದು ನಾನು," ಎಂದ ಗಂಡ, ಬಾಗಿಲ ಹತ್ತಿರದಿಂದ. ಬಿರುಕಿನ ಬಗ್ಗೆ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಮೀಟರ್ ಮಾಮ ಹೊಸ ಕನ್ನಡಕ ತೆಗೆದು, ಮಡಿಚಿ, ಡಬ್ಬಿಗೆ ಹಾಕಿದರು. "ಅಂದ್ರೆ ನನ್ನ ಕಣ್ಣು ಸರಿಯಿತ್ತು," ಎಂದರು. ಹೇಳಿದ್ದು ಆಫೀಸರಮ್ಮನಿಗೆ. ಸೊಸೆಯ ಕಡೆ ನೋಡಲಿಲ್ಲ. ಅವಳು ಮಾತ್ರ ಅವರನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾಯುತ್ತಿದ್ದಳು. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು.

ಅರ್ಧ ಗಂಟೆಯಲ್ಲಿ ಅವರು ಪೆಟ್ಟಿಗೆ ಹಿಡಿದು ಇಳಿದು ಬಂದರು. ಏಳನೇ ನಂಬರಿನ ಬೀಗದ ಕೈ ಕೌಂಟರಿನ ಮೇಲಿಟ್ಟರು. ಮೊಮ್ಮಗಳ ತಲೆ ಸವರಿದರು.

"ಊಟ ಆಗಿದೆ, ಉಂಡು ಹೋಗಿ," ಎಂದರು ಅತ್ತೆ. 

"ಬೇಡಿ ಅಮ್ಮಾವ್ರೇ," ಎಂದು ಪೇಪರಿನ ಮೇಲಿದ್ದ ಬೂಟು ಹಾಕಿಕೊಂಡು, ಪೇಪರನ್ನೂ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

*

ಗೋಡೆಯ ಪರಿಹಾರ ಹೋಯಿತು. ಸುಳ್ಳು ಸಹಿಗೆ ಕೇಸು ಹಾಕುವುದಿಲ್ಲ, ಎಚ್ಚರಿಕೆ ಮಾತ್ರ ಎಂದು ಒಂದು ಕಾಗದ ಬಂತು. ಮೇಲಿನ ಎರಡು ಮಹಡಿಗೆ ಬೀಗ ಬಿತ್ತು. ಕೆಳಗಿನ ಆರು ರೂಮು ಉಳಿದವು. ಅವನ್ನು ಬೇಲಿಯಾಚೆಯ ವೆಲ್ಡರುಗಳಿಗೆ ತಿಂಗಳ ಬಾಡಿಗೆಗೆ ಕೊಟ್ಟರು. ಅವರು ಹಿತ್ತಾಳೆಯ ಹಿಡಿಗೆ ಒದ್ದೆ ಟವೆಲು ನೇತುಹಾಕುತ್ತಿದ್ದರು. ಅತ್ತೆ ನೋಡಿಯೂ ನೋಡದ ಹಾಗಿದ್ದರು.

ಸೊಸೆಯ ಜೊತೆ ಅವರ ಮಾತೂ ನಿಂತಿತು. ಎದುರಿಗೇ ಇದ್ದರೂ ಮೊಮ್ಮಗಳ ಮೂಲಕವೇ ಎಲ್ಲ.

"ನಿಮ್ಮಮ್ಮಂಗೆ ಹೇಳು, ಸೂಪಿಗೆ ಉಪ್ಪು ಸಾಲದು."

"ಅಮ್ಮ, ಸೂಪಿಗೆ ಉಪ್ಪು ಸಾಲದಂತೆ. ಅಜ್ಜಿ, ಅಮ್ಮ ಕೇಳಿಸ್ಕೊಂಡ್ಳು, ಇಲ್ಲೇ ಇದ್ದಾಳೆ."

ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೆಯ ದಿನ ಬೆಳಗ್ಗೆ ಅತ್ತೆ ಕೋಲು ಹಿಡಿದು ಎದ್ದರು. "ಹನ್ನೆರಡನೇ ನಂಬರು ತೆಗಿ," ಎಂದರು, ನೇರ ಸೊಸೆಗೇ. ಮೆಟ್ಟಿಲು ಹತ್ತಲು ಕಾಲು ಗಂಟೆ ಹಿಡಿಯಿತು. ಗೋಡೆಯ ಮುಂದೆ ನಿಂತು ಬಿರುಕಿನೊಳಗೆ ಕಿರುಬೆರಳು ಇಟ್ಟರು. ಬೆರಳು ಸಲೀಸಾಗಿ ಹೋಯಿತು.

"ಮುಚ್ಚು ಅಂದಿದ್ದು ನಾನು. ಅವತ್ತು ಅಲ್ಲಿ ನನ್ನ ಹೆಸರು ಎತ್ತಲಿಲ್ಲ ನೀನು."

"ಸಹಿ ನನ್ನದಲ್ವಾ ಅತ್ತೆ."

"ಆ ಮನುಷ್ಯ ಅಂದ್ನಲ್ಲ, ಈ ಮನೆಯೋರು ಸುಳ್ಳು ಹೇಳೋ ಜನ ಅಲ್ಲ ಅಂತ. ಕಿವಿಯಿಂದ ಹೋಗ್ತಾ ಇಲ್ಲ ಕಣೇ. ನಾಚಿಕೆ ಆಗುತ್ತೆ." ಬೆರಳಿಗೆ ಅಂಟಿದ ಧೂಳನ್ನು ಉಟ್ಟ ಸೀರೆಗೇ ಒರೆಸಿಕೊಂಡರು. "ಬೀರು ಅಡ್ಡ ತರ್ಬೇಡ. ಹೀಗೇ ಇರ್ಲಿ."

ಮುಂದಿನ ಸೋಮವಾರ ಬೆಳಗ್ಗೆ ಎಂಟಕ್ಕೆ ಬಾಗಿಲ ಹೊರಗೆ ಪೇಪರು ಹಾಸುವ ಸದ್ದಾಯಿತು. ಸೊಸೆ ಹಾಲಿನ ಪಾತ್ರೆ ಇಳಿಸಿ ಓಡಿ ಬಂದಳು. ಮೀಟರ್ ಮಾಮ ಬೂಟು ಬಿಚ್ಚಿಟ್ಟು ಒಳಗೆ ಬರುತ್ತಿದ್ದರು. ಕೆಲಸ ವಾಪಸ್ಸು ಸಿಕ್ಕಿತ್ತು. ಎರಡು ಬೀದಿ ಆಚೆ ಎಲ್ಲೋ ರೂಮು ಹಿಡಿದಿದ್ದಾರೆಂದು ವೆಲ್ಡರುಗಳು ಹೇಳಿದ್ದರು. ಮುಖದ ಮೇಲೆ ಹಳೆಯ ಕನ್ನಡಕ, ಕಡ್ಡಿಗೆ ಅದೇ ದಾರ.

"ಬನ್ನಿ ಅಣ್ಣ," ಎಂದಳು.

ಅವರು ತಲೆಯಾಡಿಸಿ ಮೆಟ್ಟಿಲ ಕೆಳಗೆ ಮಂಡಿಯೂರಿದರು. ಅಂಕಿ ನೋಡಿ ಬರೆದರು. ಮತ್ತೆ ಬಗ್ಗಿ ಇನ್ನೊಮ್ಮೆ ನೋಡಿದರು. ಮೊದಲೆಲ್ಲ ಒಂದೇ ಸಲ ನೋಡುತ್ತಿದ್ದರು.

"ಟೀ ಇಟ್ಟಿದ್ದೀನಿ."

"ಬೇಡಿ. ಕುಡಿದೇ ಬಂದೆ."

ಪುಸ್ತಕ ಚಾಚಿದರು. ಅವಳ ಕೈ ಅಭ್ಯಾಸದ ಹಾಗೆ ನೇರವಾಗಿ ಸಹಿಯ ಜಾಗಕ್ಕೆ ಹೋಯಿತು. ಅವರು ಪುಸ್ತಕವನ್ನು ಬಿಡಲಿಲ್ಲ.

"ನೋಡಿ ಸಹಿ ಹಾಕಿ, ಮೇಡಂ," ಎಂದರು.

ಸೊಸೆ ನೆಲಕ್ಕೆ ಕೂತಳು. ಮೀಟರಿನ ಅಂಕಿ ಓದಿದಳು, ಪುಸ್ತಕದ ಅಂಕಿ ಓದಿದಳು, ಕಣ್ಣು ಮಂಜಾದದ್ದಕ್ಕೆ ಒರೆಸಿಕೊಂಡು ಮತ್ತೆ ಓದಿದಳು. ಎರಡೂ ಒಂದೇ ಇತ್ತು. ಸಹಿ ಹಾಕಿದಳು. ಅವರು ಸಹಿಯನ್ನೂ ಒಮ್ಮೆ ನೋಡಿ, ಪುಸ್ತಕ ಮುಚ್ಚಿ, ಬೂಟು ಹಾಕಿಕೊಂಡು ಓಣಿಗಿಳಿದರು.

ನಾಳೆ ಎಂಟಕ್ಕೆ ಮತ್ತೆ ಬರುತ್ತಾರೆ. ಸುರಂಗದ ಕೆಲಸ ಮುಗಿಯಲು ಇನ್ನೂ ಮೂರೂವರೆ ವರ್ಷವಿದೆ.